ಯಲ್ಲಪ್ಪ ಪಾಸು, ಯಲ್ಲವ್ವ ನಪಾಸು!

ಈ ಕಡೆ ಬಂದು ಬರೆದು ಬಹಳ ದಿನ ಆಯ್ತು. ಬನಶಂಕರಿ ಜಾತ್ರೆಯ ಬಗ್ಗೆ ಬರೆಯಬೇಕು ಅಂದುಕೊಂಡಿದ್ದೆ, ಫೋಟೋಗಳನ್ನೂ ತೆಗೆದಿಟ್ಟಿದ್ದೆ. ಆದರೆ ಮೊನ್ನೆ ನಡೆದ ಒಂದು ಸಂಗತಿ ತಲೆಯಿಂದ ಇಳಿಯುತ್ತಿಲ್ಲ. ಇವತ್ತು ಅದನ್ನೇ ಬರೆದು ಹಗುರಾಗುತ್ತೇನೆ. ನಡುವೆ ಸ್ವಲ್ಪ ಕಂಪ್ಯೂಟರ್ ಮಾತು ಬರುತ್ತದೆ, ಬೇಸರಿಸಬೇಡಿ. ಕಂಪ್ಯೂಟರ್ ಗೊತ್ತಿಲ್ಲದವರಿಗೂ ತಿಳಿಯುವ ಹಾಗೆ ಬರೆಯಲು ನೋಡಿದ್ದೇನೆ.

ನಮ್ಮ ಇಳಕಲ್‌ನ ಓಣಿಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ಯಲ್ಲವ್ವ ಅನ್ನೋಣ (ನಿಜವಾದ ಹೆಸರು ಬೇರೆ, ಆದರೆ ಅದರ ಕೊನೆಯಲ್ಲೂ ಅವ್ವ ಇದೆ). ಮದುವೆಯಾಗಿ ಬಂದಾಗಿನಿಂದ ಸೀರೆ ಮಗ್ಗಕ್ಕೆ ಕಂಡಿಕಿ ಸುತ್ತಿದ ಕೈ. ಆಕೆಯ ಗಂಡ ಮಲ್ಲಪ್ಪ ಮಗ್ಗದಲ್ಲಿ ಕೂತವರು. ಇಬ್ಬರೂ ಒಂದು ನೆರವಿಗೆ ಅರ್ಜಿ ಹಾಕಬೇಕಿತ್ತು. ಎಲ್ಲಿಯ ಅರ್ಜಿ, ಯಾರ ಜಾಲತಾಣ ಎಂಬುದು ಇಲ್ಲಿ ಬೇಡ. ಕನ್ನಡದಲ್ಲೇ ತುಂಬುವ ಅರ್ಜಿ ಅಂತ ಖುಷಿಯಿಂದ ನಾನೇ ಲ್ಯಾಪ್‌ಟಾಪ್ ತೆಗೆದುಕೊಂಡು ಕೂತೆ. ಮಲ್ಲಪ್ಪನವರ ಹೆಸರು ಹಾಕಿದೆ, ಸಲೀಸಾಗಿ ಹೋಯಿತು. ಯಲ್ಲವ್ವನ ಹೆಸರು ಹಾಕಿದೆ. ಕೆಂಪು ಅಕ್ಷರದಲ್ಲಿ ಬಂತು: ದಯವಿಟ್ಟು ಕನ್ನಡ ಅಕ್ಷರಗಳನ್ನು ಮಾತ್ರ ಬಳಸಿ!

ಅಳಿಸಿ ಮತ್ತೆ ಟೈಪ್ ಮಾಡಿದೆ. ಮತ್ತೆ ಅದೇ. ನುಡಿ ಬಿಟ್ಟು ಬೇರೆ ಕೀಲಿಮಣೆ ಹಾಕಿದೆ. ಅದೇ. ಪಕ್ಕದಲ್ಲಿ ಕೂತಿದ್ದ ಅಜ್ಜಿ ಕೇಳಿದರು, "ಏನಂತೈತೋ ತಮ್ಮಾ ಅದು?" ಕನ್ನಡ ಅಕ್ಷರ ಹಾಕು ಅನ್ನಾಕತ್ತೈತಿ ಯಮ್ಮಾ ಅಂದೆ. "ಮತ್ತ ನನ್ನ ಹೆಸರು ಕನ್ನಡ ಅಲ್ಲೇನು?"

ಏನು ಉತ್ತರ ಕೊಡಲಿ ಹೇಳಿ?

ಮನೆಗೆ ಬಂದು ಆ ಪುಟದ ಮೂಲ ಕೋಡ್ ತೆಗೆದು ನೋಡಿದೆ. ಹೆಸರನ್ನು ಪರೀಕ್ಷಿಸಲು ಜಾವಾಸ್ಕ್ರಿಪ್ಟ್‌ನಲ್ಲಿ ಒಂದು ರೆಗ್ಯುಲರ್ ಎಕ್ಸ್‌ಪ್ರೆಶನ್ ಬರೆದಿದ್ದರು. ಗೊತ್ತಿಲ್ಲದವರಿಗೆ ಒಂದು ಮಾತು: ರೆಗ್ಯುಲರ್ ಎಕ್ಸ್‌ಪ್ರೆಶನ್ ಅಂದರೆ ಪಠ್ಯದಲ್ಲಿ ಏನನ್ನು ಹುಡುಕಬೇಕು ಅಂತ ಯಂತ್ರಕ್ಕೆ ಹೇಳುವ ಒಂದು ಚಿಕ್ಕ ನಮೂನೆ. ಅದರಲ್ಲಿ ಚೌಕ ಕಂಸದೊಳಗೆ ಎರಡು ಅಕ್ಷರ ಬರೆದು ನಡುವೆ ಅಡ್ಡಗೆರೆ ಹಾಕಿದರೆ "ಇಲ್ಲಿಂದ ಅಲ್ಲಿಯವರೆಗಿನ ಯಾವ ಅಕ್ಷರವಾದರೂ ಸರಿ" ಎಂದು ಅರ್ಥ. ಇದಕ್ಕೆ ವ್ಯಾಪ್ತಿ ಅನ್ನೋಣ. ಆ ಪುಟದಲ್ಲಿದ್ದ ವ್ಯಾಪ್ತಿ [ಅ-ಳ]. ಜೊತೆಗೆ ಕಾಗುಣಿತದ ಚಿಹ್ನೆಗಳು, ಸೊನ್ನೆ, ವಿಸರ್ಗ, ಖಾಲಿ ಜಾಗ.

ಬರೆದವರು ಕನ್ನಡದವರೇ, ಅದರಲ್ಲಿ ಸಂಶಯವಿಲ್ಲ. ಒಂದನೇ ಇಯತ್ತೆಯಲ್ಲಿ ಮಾಸ್ತರು ಕಲಿಸಿದಂತೆ ವರ್ಣಮಾಲೆ ಅ ದಿಂದ ಶುರುವಾಗಿ ಳ ಗೆ ಮುಗಿಯುತ್ತದೆ ಅಂತ ನಂಬಿ ಬರೆದಿದ್ದಾರೆ. ಯ ರ ಲ ವ ಶ ಷ ಸ ಹ ಳ. ನಾವೆಲ್ಲ ಹಾಗೇ ಬಾಯಿಪಾಠ ಮಾಡಿದ್ದು. ಆದರೆ ಜಾವಾಸ್ಕ್ರಿಪ್ಟ್‌ಗೆ ನಮ್ಮ ಮಾಸ್ತರು ಗೊತ್ತಿಲ್ಲ :) ಅದಕ್ಕೆ ಗೊತ್ತಿರುವುದು ಯೂನಿಕೋಡ್‌ನ ಸಂಖ್ಯೆ ಮಾತ್ರ.

ಯೂನಿಕೋಡ್‌ನಲ್ಲಿ ಕನ್ನಡಕ್ಕೆ 3200 ರಿಂದ 3327 ರವರೆಗೆ 128 ಮನೆಗಳಿವೆ. ಅ ದ ಸಂಖ್ಯೆ 3205. ಲ 3250. ಳ ಎಲ್ಲಿದೆ? ಲ ದ ಪಕ್ಕದಲ್ಲೇ, 3251. ಆಮೇಲೆ 3252 ಖಾಲಿ. ನಂತರ ವ 3253, ಶ 3254, ಷ 3255, ಸ 3256, ಹ 3257. ಅಂದರೆ [ಅ-ಳ] ಎಂದು ಬರೆದರೆ ಯಂತ್ರ 3205 ರಿಂದ 3251 ಕ್ಕೆ ನಿಂತುಬಿಡುತ್ತದೆ. ವ ಶ ಷ ಸ ಹ, ಐದೂ ಅಕ್ಷರ ಹೊರಗೆ!

ಈಗ ನಮ್ಮ ಕಡೆಯ ಹೆಸರುಗಳನ್ನು ಈ ಜರಡಿಯಲ್ಲಿ ಹಾಕಿ ನೋಡಿ. ಯಲ್ಲಪ್ಪ ಪಾಸು. ಮಲ್ಲಪ್ಪ, ದುರ್ಗಪ್ಪ, ಕಲ್ಲಪ್ಪ ಎಲ್ಲ ಪಾಸು. ಯಲ್ಲವ್ವ ನಪಾಸು. ಮಲ್ಲವ್ವ, ದುರ್ಗವ್ವ, ನೀಲವ್ವ, ದ್ಯಾಮವ್ವ ಎಲ್ಲ ನಪಾಸು. ಅಪ್ಪನಿಗೆ ಬಾಗಿಲು ತೆರೆಯುತ್ತದೆ, ಅವ್ವನಿಗೆ ಇಲ್ಲ! ಬೇಕೆಂದು ಕೂತು ಬರೆದಿದ್ದರೂ ಇಷ್ಟು ಚೊಕ್ಕವಾಗಿ ಹೆಂಗಸರನ್ನು ಹೊರಗಿಡಲು ಆಗುತ್ತಿರಲಿಲ್ಲ. ಲಕ್ಷ್ಮಿಯೂ ನಪಾಸು, ಅಲ್ಲಿ ಷ ಇದೆ. ಗಂಡಸರಲ್ಲೂ ಬಸವರಾಜ, ಮಹಾಂತೇಶ, ಈಶ್ವರ ಹೊರಗೆ. ಅಡ್ಡಹೆಸರಿನಲ್ಲಿ ಹಿರೇಮಠ, ಹೂಗಾರ, ಹಡಪದ, ಶೆಟ್ಟರ, ಸಜ್ಜನ, ವಸ್ತ್ರದ ಹೊರಗೆ. ಊರುಗಳಲ್ಲಿ ಬಾಗಲಕೋಟೆ, ಬಾದಾಮಿ, ಇಳಕಲ್, ಅಮೀನಗಡ, ಕಮತಗಿ ಒಳಗೆ. ಹುನಗುಂದ, ಐಹೊಳೆ, ಮಹಾಕೂಟ, ಕೂಡಲಸಂಗಮ ಹೊರಗೆ. ಇಳಕಲ್‌ನಿಂದ ಬಾಗಲಕೋಟೆ ಬಸ್ ಹತ್ತಿದರೆ ಮೊದಲ ದೊಡ್ಡ ಊರೇ ಕನ್ನಡದ್ದಲ್ಲ ಅಂತಾಯ್ತು. ಕೂಡಲಸಂಗಮದ ನೆಲದಲ್ಲಿ ಬಸವ, ಶರಣ, ವಚನ ಎಂಬ ಮೂರು ಮಾತೂ ನಪಾಸಾಗುವ ಕನ್ನಡ ಯಾವ ಕನ್ನಡ ಸ್ವಾಮೀ?

ಈ ತಪ್ಪು ಇಷ್ಟು ದಿನ ಯಾರ ಕಣ್ಣಿಗೂ ಯಾಕೆ ಬೀಳಲಿಲ್ಲ? ಪರೀಕ್ಷೆ ಮಾಡಿದವರು "ಕನ್ನಡ", "ರಾಮ", "ಬೆಂಗಳೂರು" ಅಂತ ಟೈಪ್ ಮಾಡಿ ನೋಡಿರಬೇಕು. ಮೂರೂ ಪಾಸಾಗುತ್ತವೆ!

ಈ ಕಥೆಯನ್ನು ಬಾಗಲಕೋಟೆಯ ಒಬ್ಬ ಗೆಳೆಯನಿಗೆ ಹೇಳಿದೆ. ಸಾಫ್ಟ್‌ವೇರ್ ಕೆಲಸದವನು, ಕನ್ನಡದ ಕಟ್ಟಾ ಅಭಿಮಾನಿ. ಅವನ ವಾದ ಹೀಗಿತ್ತು: "ತಪ್ಪು ಆ ಹುಡುಗನದ್ದಲ್ಲಪಾ, ಯಂತ್ರದ್ದು. ವರ್ಣಮಾಲೆ ನಮ್ಮದು. ಭಾಷಾ ಸೆಟ್ಟಿಂಗ್ ಕನ್ನಡ ಅಂತ ಇಟ್ಟಮ್ಯಾಲ ಅ ದಿಂದ ಳ ಅಂದ್ರ ಪೂರ್ತಿ ವರ್ಣಮಾಲೆ ಅಂತ ಯಂತ್ರ ತಿಳ್ಕೋಬೇಕು. ಯಂತ್ರ ನಮಗ ಬಗ್ಗಬೇಕು, ನಾವು ಯಂತ್ರಕ್ಕಲ್ಲ." ಕನ್ನಡದ ಕಂಪ್ಯೂಟರ್ ಮಂದಿಯಲ್ಲಿ ಈ ಮಾತನ್ನು ಬೇರೆಯವರ ಬಾಯಲ್ಲೂ ಕೇಳಿದ್ದೇನೆ. ಕೇಳಲು ಹಿತವಾಗಿದೆ, ಚಪ್ಪಾಳೆಯೂ ಬೀಳುತ್ತದೆ. ಆದರೆ ನನ್ನ ತಕರಾರು ಇರುವುದೇ ಈ ಮಾತಿನ ಮೇಲೆ.

ಅವನ ಮಾತಿನಲ್ಲಿ ಅರ್ಧ ಸತ್ಯವಿದೆ, ಅದನ್ನು ಮೊದಲು ಒಪ್ಪಿಬಿಡುತ್ತೇನೆ. ಳ ಅಕ್ಷರ ಲ ದ ಪಕ್ಕಕ್ಕೆ ಬಂದದ್ದು ಕನ್ನಡದ ಲೆಕ್ಕದಿಂದ ಅಲ್ಲ. ಭಾರತೀಯ ಲಿಪಿಗಳಿಗೆಲ್ಲ ಒಂದೇ ಅಚ್ಚು ಮಾಡಿದ ಇಸ್ಕಿ ಎಂಬ ಸಂಕೇತ ಪದ್ಧತಿ ಇತ್ತು. ಅದರ 1988ರ ಆವೃತ್ತಿಯನ್ನು ನೋಡಿಕೊಂಡು ಯೂನಿಕೋಡ್‌ನವರು ನಮ್ಮ ಲಿಪಿಗಳ ಮನೆ ಹಂಚಿದರು. ದೇವನಾಗರಿಯಲ್ಲಿ ಎಲ್ಲಿ ಯಾವ ಅಕ್ಷರವೋ ಕನ್ನಡದಲ್ಲೂ ಅಲ್ಲೇ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನ (ಸುಮಾರು 700ರದ್ದು) ಹುಟ್ಟಿದ ಕಾಲದ ಕನ್ನಡದಲ್ಲಿ ೞ ಎಂಬ ಅಕ್ಷರ ಬಳಕೆಯಲ್ಲಿತ್ತಲ್ಲ, ಅದಂತೂ ದೂರದ 3294 ರಲ್ಲಿದೆ. [ಅ-ಳ] ಗೂ ಸಿಗುವುದಿಲ್ಲ, [ಅ-ಹ] ಗೂ ಸಿಗುವುದಿಲ್ಲ. ಯೂನಿಕೋಡ್ ಪಟ್ಟಿಯಲ್ಲಿ ಅದಕ್ಕೆ ಇಂಗ್ಲಿಷಿನಲ್ಲಿ "ಫ" ಎಂಬರ್ಥದ ತಪ್ಪು ಹೆಸರು ಬಿದ್ದಿದೆ. ಒಮ್ಮೆ ಇಟ್ಟ ಹೆಸರು ಬದಲಿಸುವುದಿಲ್ಲ ಎಂಬ ನಿಯಮ ಇರುವುದರಿಂದ ತಿದ್ದುಪಡಿಯನ್ನು ಅಡ್ಡಹೆಸರಾಗಿ ಸೇರಿಸಿದ್ದಾರೆ. ಇದೆಲ್ಲ ನಿಜ, ಗೆಳೆಯನ ಸಿಟ್ಟೂ ನ್ಯಾಯವೇ.

ಆದರೆ ಮನೆಯ ನಂಬರ್ ಬೇರೆ, ಸಾಲಿನಲ್ಲಿ ನಿಲ್ಲುವ ಕ್ರಮ ಬೇರೆ. ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸುವಾಗ ಭಾಷೆಯ ಕ್ರಮವೇ ನಡೆಯಬೇಕು, ಮತ್ತು ಅದಕ್ಕೆ ವ್ಯವಸ್ಥೆ ಇದೆ. ಯೂನಿಕೋಡ್‌ನವರ ಜೋಡಣೆಯ ಕೋಷ್ಟಕದಲ್ಲಿ ಳ ಇರುವುದು ಹ ಆದ ಮೇಲೆಯೇ, ನಮ್ಮ ಮಾಸ್ತರು ಹೇಳಿದಂತೆ. ಜೋಡಿಸುವುದು ಭಾಷೆಯ ಕೆಲಸ. ಆದರೆ "ಈ ಅಕ್ಷರ ಒಳಗೋ ಹೊರಗೋ" ಎಂಬ ತೀರ್ಪು ಯಂತ್ರದಿಂದ ಯಂತ್ರಕ್ಕೆ, ಸೆಟ್ಟಿಂಗ್‌ನಿಂದ ಸೆಟ್ಟಿಂಗ್‌ಗೆ ಬದಲಾಗಬಾರದು. ಇದೇ ನನ್ನ ವಾದ. ಕಾರಣ ಕೊಡುತ್ತೇನೆ.

ಒಂದನೆಯದು. ಗೆಳೆಯ ಬೇಕೆನ್ನುವ ಪದ್ಧತಿಯನ್ನು ಇಂಗ್ಲಿಷಿನವರು ಆಗಲೇ ಮಾಡಿ ನೋಡಿ ಕೈ ಸುಟ್ಟುಕೊಂಡಿದ್ದಾರೆ. ಪೋಸಿಕ್ಸ್ ಎಂಬ ಮಾನಕ 1992ರಲ್ಲಿ ವ್ಯಾಪ್ತಿಯ ಅರ್ಥವನ್ನು ಭಾಷಾ ಸೆಟ್ಟಿಂಗ್‌ನ (ಲೊಕೇಲ್ ಅನ್ನುತ್ತಾರೆ) ಜೋಡಣೆಯ ಕ್ರಮಕ್ಕೆ ಕಟ್ಟಿತು. ಪರಿಣಾಮ? ನಿಘಂಟಿನ ಕ್ರಮದಲ್ಲಿ ಸಣ್ಣ ಎ, ದೊಡ್ಡ ಎ, ಸಣ್ಣ ಬಿ, ದೊಡ್ಡ ಬಿ ಹೀಗೆ ಹೆಣೆದುಕೊಂಡು ಬರುತ್ತವೆ. ಸಣ್ಣ ಎ ಯಿಂದ ಸಣ್ಣ ಝಡ್ ಎಂದು ಕೇಳಿದರೆ ದೊಡ್ಡ ಅಕ್ಷರಗಳೂ ಬಲೆಗೆ ಬೀಳತೊಡಗಿದವು. ಎಸ್ಟೋನಿಯಾ ದೇಶದ ವರ್ಣಮಾಲೆಯಲ್ಲಿ ಝಡ್ ಇರುವುದು ಎಸ್ ಮತ್ತು ಟಿ ನಡುವೆ. ಅಲ್ಲಿಯ ಕ್ರಮ ಹಿಡಿದರೆ ಎ ಯಿಂದ ಝಡ್ ಅಂದಾಗ ಟಿ, ಯು, ವಿ ಹೊರಗೆ! ನಮ್ಮ ಳ ಕಥೆಯೇ, ಉಲ್ಟಾ ಅಷ್ಟೆ. ಕೊನೆಗೆ 2008ರ ಪೋಸಿಕ್ಸ್ ಆವೃತ್ತಿ, ಮೂಲ ಸೆಟ್ಟಿಂಗ್ ಬಿಟ್ಟು ಬೇರೆ ಯಾವುದರಲ್ಲೂ ವ್ಯಾಪ್ತಿಗೆ ನಿಗದಿತ ಅರ್ಥವಿಲ್ಲ ಎಂದು ಕೈ ತೊಳೆದುಕೊಂಡಿತು. ಗ್ನೂ ಆಕ್ ಎಂಬ ಹಳೆಯ ಉಪಕರಣ 2011ರ ನಾಲ್ಕನೇ ಆವೃತ್ತಿಯಲ್ಲಿ ಸಂಖ್ಯೆಯ ಕ್ರಮಕ್ಕೇ ಮರಳಿತು. ಯೂನಿಕೋಡ್‌ನವರೂ ರೆಗ್ಯುಲರ್ ಎಕ್ಸ್‌ಪ್ರೆಶನ್ ಬಗೆಗಿನ ತಮ್ಮ ದಾಖಲೆಯಲ್ಲಿ ಭಾಷೆಗೆ ತಕ್ಕಂತೆ ವ್ಯಾಪ್ತಿ ಬದಲಿಸುವ ಮೂರನೇ ಹಂತ ಒಂದನ್ನು ಇಟ್ಟಿದ್ದರು, ಆಮೇಲೆ ಹಿಂತೆಗೆದುಕೊಂಡರು. ಅವರು ಬಿದ್ದು ಎದ್ದು ಬಂದ ಗುಂಡಿಯನ್ನೇ ನಾವು ಹಕ್ಕು ಅಂತ ಕೇಳಬೇಕೇ?

ಎರಡನೆಯದು. ಭಾಷಾ ಸೆಟ್ಟಿಂಗ್ ಯಾರ ಕೈಯಲ್ಲಿದೆ? ನನ್ನದೇ ಅನುಭವ ಕೇಳಿ. ಇಳಕಲ್ ಸೀರೆ ಮಹಾರಾಷ್ಟ್ರಕ್ಕೂ ಹೋಗುತ್ತದೆ, ನಿಮಗೆ ಗೊತ್ತೇ ಇದೆ. ಪರಿಚಯದ ಒಬ್ಬ ಸೀರೆ ವ್ಯಾಪಾರಿಗೆ ಗಿರಾಕಿಗಳ ವಿಳಾಸ ಪಟ್ಟಿಯಲ್ಲಿ ಕನ್ನಡದವು ಬೇರೆ, ಮರಾಠಿಯವು ಬೇರೆ ಮಾಡಿಕೊಡಬೇಕಿತ್ತು. ಲಿನಕ್ಸ್‌ನಲ್ಲಿ ಗ್ರೆಪ್ ಎಂಬ ಆದೇಶಕ್ಕೆ [ಅ-ಹ] ಕೊಟ್ಟೆ, ಕನ್ನಡದ ಸಾಲುಗಳು ಮಾತ್ರ ಬಂದವು. ದಿನಾ ರಾತ್ರಿ ತಾನೇ ನಡೆಯಲಿ ಅಂತ ಕ್ರಾನ್‌ಗೆ ಹಾಕಿದೆ. ಬೆಳಿಗ್ಗೆ ನೋಡಿದರೆ ಕನ್ನಡದ ಪಟ್ಟಿಯಲ್ಲಿ ಮರಾಠಿಯೂ ಕೂತಿದೆ! ಆದೇಶ ಅದೇ, ಯಂತ್ರ ಅದೇ, ಕಡತ ಅದೇ. ಬದಲಾದದ್ದು ಭಾಷಾ ಸೆಟ್ಟಿಂಗ್ ಒಂದೇ. ಕ್ರಾನ್ ಕೆಲಸ ನಡೆಸುವಾಗ ಬಹಳ ಕಡೆ ನಮ್ಮ ಸೆಟ್ಟಿಂಗ್ ಅದಕ್ಕೆ ಸಿಗುವುದಿಲ್ಲ, ಸಿ ಎಂಬ ಬೋಳು ಸೆಟ್ಟಿಂಗ್‌ನಲ್ಲಿ ಓಡುತ್ತದೆ. ಅಲ್ಲಿ ಅಕ್ಷರ ಅಂದರೆ ಒಂದು ಬೈಟು. ಯುಟಿಎಫ್-8 ರಲ್ಲಿ ಅ ಅಂದರೆ 224, 178, 133 ಎಂಬ ಮೂರು ಬೈಟು. ಹ ಅಂದರೆ 224, 178, 185. ಹಾಗಾಗಿ [ಅ-ಹ] ದ ನಡುವಿನ ಅಡ್ಡಗೆರೆ ಅ ದ ಕೊನೆಯ ಬೈಟು 133 ಕ್ಕೂ ಹ ದ ಮೊದಲ ಬೈಟು 224 ಕ್ಕೂ ಗಂಟು ಬೀಳುತ್ತದೆ. 133 ರಿಂದ 224 ರವರೆಗಿನ ಯಾವ ಬೈಟಾದರೂ ಸರಿ ಅಂತಾಯಿತು. ಮರಾಠಿಯ "ಅ" 224, 164, 133. ಮೂರೂ ಒಳಗೆ! ತೆಲುಗು, ತಮಿಳು ಬಂದರೂ ಇದೇ ಗತಿ.

ನನ್ನದು ಸೀರೆಯ ವಿಳಾಸ ಪಟ್ಟಿ, ಬೆಳಿಗ್ಗೆ ಕಂಡಿತು, ಸರಿ ಮಾಡಿದೆ. ಇದೇ ಕೆಲಸ ಸಾವಿರಾರು ಜನರ ಪಿಂಚಣಿ ಪಟ್ಟಿಯ ಮೇಲೆ ನಡೆದಿದ್ದರೆ? ಬಾಗಲಕೋಟೆಯ ಯಂತ್ರದಲ್ಲಿ ಒಳಗಿದ್ದ ಹೆಸರು ಬೆಂಗಳೂರಿನ ಸರ್ವರ್‌ನಲ್ಲಿ ಹೊರಗೆ ಅಂತಾದರೆ ಹುನಗುಂದದ ಮುದುಕಿ ಯಾರ ಬಾಗಿಲಿಗೆ ಹೋಗಿ ಕೇಳಬೇಕು? ಭಾಷಾ ಸೆಟ್ಟಿಂಗ್‌ಗೆ ವ್ಯಾಪ್ತಿಯನ್ನು ಕಟ್ಟುವುದು ಅಂದರೆ ಇದೇ. ಇನ್ನೊಂದು ಉದಾಹರಣೆ: [ಶ-ಳ] ಎಂದು ಬರೆಯಿರಿ. ಮಾಸ್ತರ ಲೆಕ್ಕದಲ್ಲಿ ಅದು ಶ ಷ ಸ ಹ ಳ, ಐದು ಅಕ್ಷರ. ಸಂಖ್ಯೆಯ ಲೆಕ್ಕದಲ್ಲಿ 3254 ರಿಂದ 3251 ಕ್ಕೆ ಹಿಂದಕ್ಕೆ ಹೋಗಬೇಕು, ಪ್ರೋಗ್ರಾಂ ದೋಷ ಎಂದು ನಿಂತುಬಿಡುತ್ತದೆ. ಒಂದೇ ಬರಹ ಒಂದು ಊರಲ್ಲಿ ನಡೆಯುತ್ತದೆ, ಇನ್ನೊಂದು ಊರಲ್ಲಿ ಬೀಳುತ್ತದೆ.

ಮೂರನೆಯದು, ಮುಖ್ಯವಾದದ್ದು. ಗೆಳೆಯ ಕೇಳಿದ್ದನ್ನು ಕೊಟ್ಟೇಬಿಟ್ಟರು ಅಂತಿಟ್ಟುಕೊಳ್ಳಿ. ಅ ದಿಂದ ಳ ಅಂದರೆ ವರ್ಣಮಾಲೆ. ಆದರೆ ನಾವು ಬರೆಯುವುದು ಬರೀ ವರ್ಣಮಾಲೆಯನ್ನೇ? ತಲೆಕಟ್ಟು ದೀರ್ಘ, ಗುಡಿಸು, ಕೊಂಬು, ಏತ್ವ, ಅರ್ಧಾಕ್ಷರದ ಚಿಹ್ನೆ, ಇವೆಲ್ಲ ಯೂನಿಕೋಡ್‌ನಲ್ಲಿ ಬೇರೆ ಬೇರೆ ಮನೆಗಳು, 3262 ರಿಂದ ಮುಂದೆ. ಸೊನ್ನೆ 3202, ಅ ಗಿಂತ ಹಿಂದೆ. ಮಾಸ್ತರ ಸಾಲಿನಲ್ಲಿ ಅ ಕ್ಕೂ ಳ ಕ್ಕೂ ನಡುವೆ ಕೊಂಬಿಗೆ ಜಾಗವೇ ಇಲ್ಲ. ಇಳಕಲ್ ಸೀರೆಯಲ್ಲಿ ಒಡಲಿನ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕಿ ಜೋಡಿಸುತ್ತಾರಲ್ಲ, ಕೊಂಡಿ ಬಿಚ್ಚಿದರೆ ಸೆರಗು ಕೈಗೆ ಬರುತ್ತದೆ. ಇಲ್ಲೂ ಹಾಗೇ ಆಗುತ್ತದೆ. ನಂಬಿಕೆ ಬರದಿದ್ದರೆ ಪೈಥಾನ್ ಇರುವವರು ಈಗಲೇ ನೋಡಿ. ಅದರೊಳಗಿನ ರೆಗ್ಯುಲರ್ ಎಕ್ಸ್‌ಪ್ರೆಶನ್‌ನಲ್ಲಿ "ಪದದ ಅಕ್ಷರ" ಎಂಬುದಕ್ಕೆ ಸ್ಲ್ಯಾಶ್ ಡಬ್ಲ್ಯು ಎಂಬ ಸಂಕೇತವಿದೆ. ಕಾಗುಣಿತದ ಚಿಹ್ನೆ ಪದದ ಅಕ್ಷರ ಅಲ್ಲ ಎಂದು ಅದರ ತೀರ್ಮಾನ. ಬಾದಾಮಿ ಕೊಟ್ಟರೆ ಬ, ದ, ಮ ಎಂದು ಮೂರು ಪದ ಕೊಡುತ್ತದೆ. ಹುನಗುಂದ ಕೊಟ್ಟರೆ ಹ, ನಗ, ದ. ಕನ್ನಡ ಕೊಟ್ಟರೆ ಕನ, ನಡ. ಇದನ್ನು ಯಾವ ಭಾಷಾ ಸೆಟ್ಟಿಂಗೂ ಸರಿ ಮಾಡುವುದಿಲ್ಲ. ಜಾವಾಸ್ಕ್ರಿಪ್ಟ್ ಇನ್ನೂ ಜಿಪುಣ, ಅದರ ಸ್ಲ್ಯಾಶ್ ಡಬ್ಲ್ಯುಗೆ ಇಂಗ್ಲಿಷ್ ಅಕ್ಷರ, ಅಂಕಿ, ಅಡಿಗೆರೆ ಬಿಟ್ಟು ಬೇರೆ ಲೋಕವೇ ಇಲ್ಲ. ಪರ್ಲ್ ಮಾತ್ರ ಚಿಹ್ನೆಗಳನ್ನು ಪದದೊಳಗೇ ಎಣಿಸುತ್ತದೆ, ಅದಕ್ಕೊಂದು ನಮಸ್ಕಾರ.

ಇಷ್ಟಕ್ಕೇ ಮುಗಿಯಲಿಲ್ಲ. "ಇಳಕಲ್‌ನಲ್ಲಿ" ಎಂದು ಬರೆಯುವಾಗ ಲ್ ಆದ ಮೇಲೆ ಕಣ್ಣಿಗೆ ಕಾಣದ ಒಂದು ಸಂಕೇತ ಹಾಕುತ್ತೇವೆ, ನ ಅಕ್ಷರ ಒತ್ತಾಗಿ ಕೆಳಗೆ ಇಳಿಯದಿರಲಿ ಅಂತ. ಅದರ ಸಂಖ್ಯೆ 8204. ಕನ್ನಡದ 128 ಮನೆಗಳ ಹೊರಗೇ ವಾಸ. ಕನ್ನಡದ ಇಡೀ ಓಣಿಯನ್ನೇ ವ್ಯಾಪ್ತಿಯಾಗಿ ಕೊಟ್ಟರೂ ಇಳಕಲ್‌ನಲ್ಲಿ ಎಂಬ ಪದ ಎರಡು ತುಂಡು!

ಹಾಗಾದರೆ ಏನು ಮಾಡಬೇಕು? ಬರೀ ಬೈದು ಹೋದರೆ ಪ್ರಯೋಜನವಿಲ್ಲ, ಅದಕ್ಕೇ ನಾನು ಮಾಡುವುದನ್ನು ಹೇಳುತ್ತೇನೆ.

ಕನ್ನಡ ಪಠ್ಯ ಹುಡುಕಬೇಕಾದರೆ ಎರಡು ಅಕ್ಷರಗಳ ನಡುವೆ ಅಡ್ಡಗೆರೆ ಎಳೆಯಬೇಡಿ. "ಲಿಪಿ ಕನ್ನಡ" ಎಂಬ ಗುಣವನ್ನೇ ಕೇಳಿ. ಪರ್ಲ್‌ನಲ್ಲಿ ಇದು ಹಳೆಯದು. ಜಾವಾದಲ್ಲಿ 2011ರ ಏಳನೇ ಆವೃತ್ತಿಯಿಂದ ಇದೆ, ಜಾವಾಸ್ಕ್ರಿಪ್ಟ್‌ನಲ್ಲಿ 2018ರ ಮಾನಕದಿಂದ. ಪೈಥಾನ್‌ನ ಒಳಗಿನದರಲ್ಲಿ ಇಲ್ಲ, ಹೊರಗಿನ ಒಂದು ಮಾಡ್ಯೂಲ್ ಹಾಕಿಕೊಳ್ಳಬೇಕು, ಇಲ್ಲವೇ 3200 ರಿಂದ 3327 ಪೂರ್ತಿ ಕೊಡಬೇಕು. ಯಾವುದೇ ಇರಲಿ, ಜೊತೆಗೆ 8204 ಮತ್ತು 8205 ಎರಡನ್ನೂ ಸೇರಿಸಿ, ಲಿಪಿಯ ಗುಣ ಅವನ್ನು ಹಿಡಿಯುವುದಿಲ್ಲ. ಎರಡು ಅಕ್ಷರಗಳಲ್ಲಿ ಯಾವುದಾದರೂ ಸರಿ ಅನ್ನಬೇಕಾದರೆ ಬಿಡಿಸಿ ಬರೆಯಿರಿ. ನಮ್ಮೂರ ಹೆಸರನ್ನು ಕೆಲವರು ಲ ಹಾಕಿ ಬರೆಯುತ್ತಾರೆ, ಕೆಲವರು ಳ ಹಾಕಿ. ನಾನು ಹುಡುಕುವಾಗ ಇ[ಲಳ]ಕಲ್ ಅನ್ನುತ್ತೇನೆ. ಯುಟಿಎಫ್-8 ಸೆಟ್ಟಿಂಗ್ ಇರುವಲ್ಲೆಲ್ಲ ಇದರ ಅರ್ಥ ಎರಡೇ ಅಕ್ಷರ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ರಾತ್ರಿ ಓಡುವ ಕೆಲಸಗಳಿಗೆ ಯುಟಿಎಫ್-8 ಸೆಟ್ಟಿಂಗನ್ನು ಆ ಕಡತದೊಳಗೇ ಬರೆದಿಡಿ. ಜೋಡಣೆಗೆ ಮಾತ್ರ ಕನ್ನಡ ಸೆಟ್ಟಿಂಗ್ ಇರಲಿ.

ಮತ್ತೆ ಅರ್ಜಿಯಲ್ಲಿ ಹೆಸರಿನ ಪರೀಕ್ಷೆ? ಅದನ್ನು ತೆಗೆದೇ ಹಾಕಿ ಸ್ವಾಮೀ. ಖಾಲಿ ಬಿಟ್ಟಿದ್ದಾರೋ ಇಲ್ಲವೋ ಅಷ್ಟು ನೋಡಿದರೆ ಸಾಕು. ಒಬ್ಬರ ಹೆಸರು ಸರಿಯೋ ತಪ್ಪೋ ಹೇಳುವ ಅಧಿಕಾರ ಚೌಕ ಕಂಸಕ್ಕೆ ಕೊಟ್ಟವರು ಯಾರು? ಪರೀಕ್ಷೆ ಬೇಕೇಬೇಕು ಅಂತ ಮೇಲಿನವರ ಹಟವಾದರೆ, ಬಿಡುಗಡೆಗೆ ಮುಂಚೆ ಈ ಹೆಸರುಗಳನ್ನು ಟೈಪ್ ಮಾಡಿ ನೋಡಿ: ಯಲ್ಲವ್ವ, ಲಕ್ಷ್ಮಿ, ಮಹಾಂತೇಶ, ಹಿರೇಮಠ, ಹುನಗುಂದ, ಐಹೊಳೆ, ರಾಜ್‌ಕುಮಾರ್. ಎಲ್ಲ ಪಾಸಾದರೆ ಮುಂದೆ ಹೋಗಿ.

ಯಲ್ಲವ್ವಜ್ಜಿಯ ಅರ್ಜಿ ಏನಾಯ್ತು ಅಂತ ಕೇಳುತ್ತೀರೇನೋ. ಕೊನೆಗೆ ಇಂಗ್ಲಿಷಿನಲ್ಲಿ ತುಂಬಿದ್ದಾಯಿತು, ಇಂಗ್ಲಿಷಿಗೆ ಅಲ್ಲಿ ಅಡ್ಡಿಯಿರಲಿಲ್ಲ ನೋಡಿ! ಅವ್ವ ಅನ್ನುವಲ್ಲಿ ನಾನು ಎರಡು ವಿ ಹಾಕಿದೆ. ಅಜ್ಜಿಯ ಪಾಸ್‌ಬುಕ್ಕಿನಲ್ಲಿ ಎರಡು ಡಬ್ಲ್ಯು ಇತ್ತು. ಹೆಸರು ತಾಳೆಯಾಗುವುದಿಲ್ಲ ಅಂತ ವಾಪಸ್ ಬಂತು. ಈಗ ತಿದ್ದುಪಡಿಗೆ ಅರ್ಜಿ ಹಾಕಿದ್ದೇವೆ. ಮಲ್ಲಪ್ಪಜ್ಜನ ಹಣ ಬಂದಿದೆ, ಅಜ್ಜಿಯದು ಇನ್ನೂ ಇಲ್ಲ.

ಜಾಲತಾಣ ಮಾಡಿದವರಿಗೆ ಒಂದು ಮಿಂಚಂಚೆ ಹಾಕಿದ್ದೇನೆ. ಉತ್ತರ ಬಂದರೆ ಇಲ್ಲೇ ಬರೆಯುತ್ತೇನೆ. ಇದನ್ನು ಓದುತ್ತಿರುವ ನಿಮ್ಮಲ್ಲಿ ಯಾರಾದರೂ ಎಲ್ಲಾದರೂ [ಅ-ಳ] ಅಂತ ಬರೆದಿಟ್ಟಿದ್ದರೆ ಇವತ್ತೇ ತೆಗೆದು ನೋಡಿ. ನನ್ನ ಹಳೆಯ ಕೋಡ್‌ನಲ್ಲೂ ಎರಡು ಕಡೆ ಸಿಕ್ಕಿತು, ಸುಳ್ಳು ಯಾಕೆ ಹೇಳಲಿ :(

ಜಾತ್ರೆಯ ಫೋಟೋ ಮುಂದಿನ ಸಲ, ಖಂಡಿತ.